ರೇಷ್ಮೆ ಹುಳು, ಥರ್ಮೋಸ್ಟ್ಯಾಟ್ ಮತ್ತು ಅವ್ವನ ನಿದ್ದೆ

ನಮ್ಮ ಕಡೆ ಹೀಟರ್ ಹಾಕೋದು ಮನುಷ್ಯರಿಗಲ್ಲ, ಹುಳುಗಳಿಗೆ.

ಆಫೀಸಿನ ಕ್ಯಾಂಟೀನಿನಲ್ಲಿ ಈ ಮಾತು ಹೇಳಿದಾಗೆಲ್ಲ ಜನ ನಗುತ್ತಾರೆ. ಜೋಕ್ ಮಾಡ್ತಿದಾನೆ ಅಂದ್ಕೊಳ್ತಾರೆ. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ರೇಷ್ಮೆ ಬೆಳೆಗಾರರ ಮನೆಗೆ ಜನವರಿ ತಿಂಗಳ ರಾತ್ರಿ ಹೋಗಿ ನೋಡಿ. ಹೊರಗೆ 15 ಡಿಗ್ರಿ ಆಸುಪಾಸು ಇರುತ್ತೆ. ಮನೆಯವರು ಎರಡೆರಡು ಕಂಬಳಿ ಹೊದ್ದು ಮುದುಡಿ ಮಲಗಿರ್ತಾರೆ. ಪಕ್ಕದ ಹುಳುಮನೆಯಲ್ಲಿ ಮಾತ್ರ ಬೆಚ್ಚಗೆ 26 ಡಿಗ್ರಿ.

ನಮ್ಮೂರು ಕೆಂಗಲ್ ಹತ್ತಿರ. ಬೆಂಗಳೂರು ಮೈಸೂರು ಹಳೇ ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಇನ್ನೂ ಸಿಗದ ಜಾಗದಲ್ಲಿ ಆಂಜನೇಯನ ದೇವಸ್ಥಾನ ಇದೆಯಲ್ಲ, ಅದೇ ಕೆಂಗಲ್. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಮುಂದೆ ಇರೋದೂ ಇದೇ ಊರು. 2023ರಲ್ಲಿ ಎಕ್ಸ್‌ಪ್ರೆಸ್ ವೇ ಬಂದ ಮೇಲೆ ನೀವ್ಯಾರೂ ಈ ದಾರಿಯಲ್ಲಿ ಬರ್ತಿಲ್ಲ. ಸಂಕ್ರಾಂತಿ ಸಮಯದ ದನಗಳ ಜಾತ್ರೆಗೆ ಬರೋರು ಮಾತ್ರ ಈಗಲೂ ಬರ್ತಾರೆ.

ಅಂಥ ಒಂದು ಸಂಕ್ರಾಂತಿಗೆ ಊರಿಗೆ ಹೋದಾಗ ನಾನು ಒಂದು ಕೆಲಸ ಹಚ್ಚಿಕೊಂಡೆ. ನಮ್ಮ ಹುಳುಮನೆಯ ಹೀಟರಿಗೆ ಇದ್ದ ಹಳೇ ತಿರುಗುಗುಂಡಿಯ ಜಾಗಕ್ಕೆ ಮೊಬೈಲಿನಲ್ಲಿ ನೋಡಬಹುದಾದ ಸ್ಮಾರ್ಟ್ ಥರ್ಮೋಸ್ಟ್ಯಾಟ್ ಕೂರಿಸೋದು. ಒಂದು ಮಧ್ಯಾಹ್ನದ ಕೆಲಸ ಅಂದ್ಕೊಂಡಿದ್ದೆ. ಆದರೆ ಆ ಪುಟ್ಟ ಡಬ್ಬಿ ಯಾರ ಕೆಲಸವನ್ನು ಮಾಡೋಕೆ ಬಂದಿದೆ ಅಂತ ಯೋಚಿಸುತ್ತಾ ಹೋದರೆ 400 ವರ್ಷದ ಕಥೆ ಬಿಚ್ಚಿಕೊಳ್ಳುತ್ತೆ. ಅದರಲ್ಲಿ ಇಟಲಿ ಇದೆ, ಜಪಾನ್ ಇದೆ, ನಮ್ಮ ಚನ್ನಪಟ್ಟಣವೂ ಇದೆ.

ಮೊದಲು ಹುಳುವಿನ ವಿಷಯ ಹೇಳಿಬಿಡ್ತೀನಿ. ರೇಷ್ಮೆ ಹುಳುವಿಗೆ ತನ್ನ ಮೈ ಬಿಸಿ ತಾನೇ ಕಾಪಾಡಿಕೊಳ್ಳೋ ಶಕ್ತಿ ಇಲ್ಲ. ಕೋಣೆ ಎಷ್ಟು ಬಿಸಿಯೋ ಅದೂ ಅಷ್ಟೇ ಬಿಸಿ. ಚಳಿಯಾದರೆ ಸೊಪ್ಪು ತಿನ್ನೋದು ಕಡಿಮೆಯಾಗುತ್ತೆ, ಬೆಳೆ ನಿಧಾನವಾಗುತ್ತೆ. ಮೊಟ್ಟೆಯಿಂದ ಹೊರಬಂದ ಮರಿ ಸುಮಾರು 25 ದಿನದಲ್ಲಿ ಗೂಡು ಕಟ್ಟೋಕೆ ತಯಾರಾಗಬೇಕು. ಅಷ್ಟರಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಹೆಚ್ಚುತ್ತೆ. ಚರ್ಮ ಬಿಗಿಯಾದಂತೆ ನಾಲ್ಕು ಸಲ ಪೊರೆ ಬಿಡುತ್ತೆ. ಪೊರೆ ಬಿಡುವಾಗ ಮೇವು ಬಿಟ್ಟು ತಲೆ ಎತ್ತಿ ಅಲ್ಲಾಡದೆ ಕೂರುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಮೊದಲ ಜ್ವರ, ಎರಡನೇ ಜ್ವರ, ಹೀಗೆ. ‘ಹುಳ ಜ್ವರಕ್ಕೆ ಕೂತವೆ’ ಅಂದ್ರೆ ಮನೆಯಲ್ಲಿ ಜೋರಾಗಿ ಬಾಗಿಲು ಹಾಕೋದಕ್ಕೂ ಹೆದರಬೇಕು.

ಪ್ರತಿ ಹಂತಕ್ಕೂ ಬೇರೆ ಬೇರೆ ಬಿಸಿ ಬೇಕು. ಮೊದಲ ಎರಡು ಹಂತದ ಚಾಕಿ ಹುಳುಗಳಿಗೆ 27ರಿಂದ 28 ಡಿಗ್ರಿ, ಜೊತೆಗೆ ಗಾಳಿಯಲ್ಲಿ 80ರಿಂದ 90 ಶೇಕಡಾ ತೇವ. ಮೂರನೇ ಹಂತಕ್ಕೆ 26, ನಾಲ್ಕಕ್ಕೆ 25, ಕೊನೆಯ ಹಂತಕ್ಕೆ 24. ತೇವವೂ ಹಂತಹಂತವಾಗಿ ಇಳೀಬೇಕು. ಚಳಿ ಮತ್ತು ತೇವ ಎರಡೂ ಒಟ್ಟಿಗೆ ಬಂದರೆ ಸುಣ್ಣಕಟ್ಟು ರೋಗ. ಹುಳು ಸತ್ತು ಸುಣ್ಣದ ಕಡ್ಡಿ ಥರ ಬಿಳಿಯಾಗಿ ಗಟ್ಟಿಯಾಗಿಬಿಡುತ್ತೆ. ಬಿಸಿ ಏರಿಳಿತವಾದರೆ ಕೆಲವು ಹುಳು ಜ್ವರದಲ್ಲಿ, ಕೆಲವು ಮೇಯುತ್ತಾ, ಒಂದಕ್ಕೊಂದು ಹೊಂದಿಕೆ ಇಲ್ಲದೆ ಬೆಳೆ ಕೈತಪ್ಪುತ್ತೆ. ಹಾಗಾಗಿ ಯಾರಾದರೂ ಒಬ್ಬರು ಎಚ್ಚರವಾಗಿದ್ದು ಕೋಣೆಯನ್ನು ಕಾಯಬೇಕು.

ಈಗ ಪ್ರಶ್ನೆ. ನಮ್ಮ ಅಜ್ಜಿಯ ಅಜ್ಜಿ ಕಾಲದಲ್ಲೂ ಹೀಗೇ ಕಾಯ್ತಿದ್ರಾ? ಇಷ್ಟರ ಮಟ್ಟಿಗೆ ಇಲ್ಲ ಅನ್ನಬಹುದು. ಯಾಕಂದ್ರೆ ಆಗಿನ ಹುಳುವೇ ಬೇರೆ.

ಮೈಸೂರು ಸೀಮೆಯಲ್ಲಿ ರೇಷ್ಮೆ ಸಾಕಣೆಗೆ ರಾಜ್ಯದ ಬಲ ಸಿಕ್ಕಿದ್ದು 1780ರ ದಶಕದಲ್ಲಿ, ಟಿಪ್ಪು ಸುಲ್ತಾನನಿಂದ. ಬಂಗಾಳದಿಂದ, ಮಸ್ಕತ್ತಿನಿಂದ ಹುಳು ತರಿಸಿ ಸಾಕಿಸೋಕೆ ಅವನು ಅಧಿಕಾರಿಗಳಿಗೆ ಬರೆದ ಆದೇಶಗಳಿವೆ. ಆಮೇಲೆ ಇಲ್ಲಿ ನೆಲೆ ನಿಂತದ್ದು ಮೈಸೂರು ತಳಿ. ವರ್ಷಕ್ಕೆ ಎರಡೇ ಪೀಳಿಗೆ ಕೊಡುವ ಶೀತ ದೇಶದ ಹುಳು ಅಲ್ಲ ಇದು, ವರ್ಷವಿಡೀ ಒಂದರ ಹಿಂದೆ ಒಂದು ಬೆಳೆ ಕೊಡ್ತಾ ಹೋಗುತ್ತೆ. ಗೂಡು ಚಿಕ್ಕದು, ಬಣ್ಣ ಹಸಿರು ಬೆರೆತ ಹಳದಿ, ಒಂದು ಗೂಡಿನಲ್ಲಿ ಸಿಗೋ ಎಳೆ 300ರಿಂದ 400 ಮೀಟರ್ ಅಷ್ಟೇ. ಆದರೆ ಗಟ್ಟಿ ಹುಳು. ಹಿಪ್ಪುನೇರಳೆ ಸೊಪ್ಪು ಒಂದು ದಿನ ಒರಟಾದರೂ, ಬಿಸಿಲು ಒಂದು ದಿನ ಹೆಚ್ಚಾದರೂ ತಡೆದುಕೊಳ್ಳುತ್ತೆ. ಮಣ್ಣಿನ ಗೋಡೆ, ಹುಲ್ಲಿನ ಇಲ್ಲವೇ ಹೆಂಚಿನ ಸೂರು, ಅಡುಗೆ ಒಲೆಯ ಕಾವು ಇದ್ದ ಮನೆಯೇ ಅದಕ್ಕೆ ಸಾಕಾಗಿತ್ತು. ಜನ ಮಲಗೋ ಮನೆಯಲ್ಲೇ ತಟ್ಟೆಗಳೂ ಇರ್ತಿದ್ವು.

ಇಟಲಿಯಲ್ಲಿ ಕಥೆ ಬೇರೆ ಇತ್ತು. ಅಲ್ಲಿಯ ಹುಳು ಬಿಳಿ, ಗೂಡು ದೊಡ್ಡದು, ವಸಂತದಲ್ಲಿ ಒಂದೇ ಬೆಳೆ. ಹಿಪ್ಪುನೇರಳೆ ಚಿಗುರುವ ಹೊತ್ತಿಗೆ ಸರಿಯಾಗಿ ಮೊಟ್ಟೆ ಒಡೆದು ಮರಿ ಬರಬೇಕು. ಆಗ ಅಲ್ಲಿನ್ನೂ ಚಳಿ. ಮೊಟ್ಟೆಗೆ ಕಾವು ಕೊಡೋದು ಹೇಗೆ? ಇಟಲಿಯ ಹಳ್ಳಿಗಳಲ್ಲಿ, ಫ್ರಾನ್ಸಿನ ಸೆವೆನ್ ಬೆಟ್ಟಗಳ ಕಡೆ ಹೆಂಗಸರು ಮೊಟ್ಟೆಗಳನ್ನು ಪುಟ್ಟ ಬಟ್ಟೆ ಚೀಲದಲ್ಲಿ ಕಟ್ಟಿ ಎದೆಯ ಹತ್ತಿರ ಬಟ್ಟೆಯೊಳಗೆ ಇಟ್ಟುಕೊಳ್ತಿದ್ರು. ರಾತ್ರಿ ಮಲಗುವಾಗಲೂ ಅಷ್ಟೆ, ಹಾಸಿಗೆಯಲ್ಲಿ ಜೊತೆಗೇ. ಯೋಚಿಸಿ ನೋಡಿ, ಮನುಷ್ಯರ ಮೈ ತನ್ನ ಬಿಸಿಯನ್ನು ಹೆಚ್ಚೂ ಕಡಿಮೆ ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತೆ. ಅಂದ್ರೆ ರೇಷ್ಮೆಯ ಮೊದಲ ಥರ್ಮೋಸ್ಟ್ಯಾಟ್ ಆಗಿದ್ದವರು ಆ ಹೆಂಗಸರು. ಅದಕ್ಕೆ ವಯರಿಂಗ್ ಬೇಕಿರಲಿಲ್ಲ. ಆ ಹೆಂಗಸಿಗೆ ಮಾತ್ರ ಮೊಟ್ಟೆ ಒಡೆಯುವ ತನಕ ಮಗ್ಗುಲು ಬದಲಿಸೋಕೂ ಯೋಚನೆ.

ಯಂತ್ರದ ಥರ್ಮೋಸ್ಟ್ಯಾಟ್ ಹುಟ್ಟಿದ್ದೂ ಮೊಟ್ಟೆಗೆ ಕಾವು ಕೊಡೋ ಕೆಲಸದಿಂದಲೇ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ. 1620ರ ಸುಮಾರಿಗೆ ಇಂಗ್ಲೆಂಡಿನಲ್ಲಿದ್ದ ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್ ಕೋಳಿ ಮೊಟ್ಟೆ ಮರಿ ಮಾಡಿಸುವ ಒಂದು ಪೆಟ್ಟಿಗೆ ಮಾಡಿದ. ಪೆಟ್ಟಿಗೆ ಬಿಸಿಯಾದರೆ ಒಳಗಿನ ನಳಿಗೆಯಲ್ಲಿ ಮದ್ಯಸಾರ ಹಿಗ್ಗಿ ಪಾದರಸವನ್ನು ಮೇಲೆ ತಳ್ಳುತ್ತೆ. ಪಾದರಸ ಮೇಲೇರಿ ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತೆ. ಬೆಂಕಿ ತಣ್ಣಗಾದರೆ ಪಾದರಸ ಇಳಿದು ಕಿಂಡಿ ತಾನೇ ತೆರೆದುಕೊಳ್ಳುತ್ತೆ. ತನ್ನ ಕೆಲಸದ ಫಲವನ್ನು ತಾನೇ ಅಳೆದು ತಾನೇ ತಿದ್ದಿಕೊಳ್ಳೋ ಯಂತ್ರ. ನಾವು ಬಿಇ ಐದನೇ ಸೆಮಿಸ್ಟರಿನಲ್ಲಿ ಫೀಡ್‌ಬ್ಯಾಕ್ ಅಂತ ಓದಿ ಮರೆತದ್ದು ಇದನ್ನೇ.

ಹುಳುಮನೆಗೆ ಶಿಸ್ತು ತಂದವನು ಇನ್ನೊಬ್ಬ, ಇಟಲಿಯ ವಿನ್ಸೆಂಜೊ ದಾಂದೊಲೊ. 1815ರಲ್ಲಿ ರೇಷ್ಮೆ ಹುಳು ಸಾಕೋದರ ಬಗ್ಗೆಯೇ ಒಂದು ಪುಸ್ತಕ ಬರೆದ. ಎದೆಯ ಕಾವಿನ ಬದಲು ಬೇರೆ ಕೋಣೆ, ಅಲ್ಲಿ ಒಲೆ, ಗಾಳಿ ಆಡೋಕೆ ಕಿಂಡಿ, ಗೋಡೆಗೆ ಥರ್ಮಾಮೀಟರು, ತೇವ ಅಳೆಯೋ ಸಾಧನ, ದಿನದಿನಕ್ಕೂ ಇಷ್ಟಿಷ್ಟು ಬಿಸಿ ಎಂಬ ಲೆಕ್ಕ. ಅವನ ಮಾದರಿಯ ಹುಳುಮನೆಗಳಿಗೆ ಅವನ ಹೆಸರನ್ನೇ ಇಟ್ಟರು. ಆದರೆ ಅಲ್ಲೂ ಥರ್ಮಾಮೀಟರು ಬಿಸಿಯನ್ನು ತೋರಿಸ್ತಿತ್ತು ಅಷ್ಟೆ. ನೋಡಿ ಒಲೆಗೆ ಸೌದೆ ಹಾಕೋದು, ಕಿಂಡಿ ತೆರೆಯೋದು ಮನುಷ್ಯರ ಕೆಲಸವೇ ಆಗಿತ್ತು.

ಜಪಾನಿನಲ್ಲೂ ಹೀಗೇ ಆಯ್ತು. 1849ರಲ್ಲಿ ಫುಕುಶಿಮಾ ಕಡೆಯ ನಕಾಮುರಾ ಜೆನೆಮೊನ್ ಎಂಬ ರೇಷ್ಮೆ ಬೆಳೆಗಾರ, ವೈದ್ಯರ ಬಳಿ ಇದ್ದ ಥರ್ಮಾಮೀಟರ್ ನೋಡಿ, ಹುಳುಮನೆಗೆಂದೇ ಒಂದು ಥರ್ಮಾಮೀಟರ್ ಮಾಡಿದ. ಮನುಷ್ಯರ ಜ್ವರ ನೋಡುವ ಸಾಧನ ಹುಳುವಿಗೆ ಬಂತು. ಮುಂದೆ 1884ರಲ್ಲಿ ತಕಾಯಾಮಾ ಚೊಗೊರೊ ಕಟ್ಟಿದ ಸಂಸ್ಥೆ, ಕೋಣೆಗೆ ಬೆಂಕಿಯ ಕಾವೂ ಬೇಕು, ಗಾಳಿಯೂ ಆಡಬೇಕು ಅನ್ನೋ ಪದ್ಧತಿಯನ್ನು ಸಾವಿರಾರು ಜನರಿಗೆ ಕಲಿಸಿತು. ಆ ಮನೆ 2014ರಲ್ಲಿ ತೊಮಿಯೊಕಾ ರೇಷ್ಮೆ ಗಿರಣಿಯ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಇಟಲಿ, ಜಪಾನ್ ಎರಡೂ ದಾರಿ ಬಂದು ಸೇರಿದ್ದು ನಮ್ಮ ಸೀಮೆಯಲ್ಲೇ. ಬೆಂಗಳೂರಿನ ಬಸವನಗುಡಿ ಕಡೆ ‘ಟಾಟಾ ಸಿಲ್ಕ್ ಫಾರ್ಮ್’ ಅಂತ ಒಂದು ಜಾಗ ಇದೆ, ಎಷ್ಟೋ ಸಲ ಆ ಕಡೆ ಹೋಗಿರ್ತೀರಿ. 1890ರ ದಶಕದಲ್ಲಿ ಜಮ್ಷೆಡ್ಜಿ ಟಾಟಾ ಅಲ್ಲಿ ನಿಜವಾಗಲೂ ರೇಷ್ಮೆ ತೋಟ ಮಾಡಿಸಿ ಜಪಾನಿನ ಪರಿಣತರನ್ನು ಕರೆಸಿದ್ದರು. ಆಮೇಲೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನು ಕರೆಸಿತು. 1914ರಲ್ಲಿ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ಶುರುವಾಯಿತು. ಕೆಂಗಲ್‌ನಿಂದ ಸೈಕಲ್ ತುಳಿದರೆ ಸ್ವಲ್ಪ ಹೊತ್ತಿನ ದಾರಿ. ಆ ಫಾರಂನ ಮುಖ್ಯ ಕೆಲಸಗಳಲ್ಲಿ ಒಂದು, ರೋಗವಿಲ್ಲದ ಮೊಟ್ಟೆ ತಯಾರಿಸೋದು. ಇನ್ನೊಂದು, ನಮ್ಮ ಗಟ್ಟಿ ಮೈಸೂರು ಹುಳುವಿಗೂ ದೊಡ್ಡ ಗೂಡಿನ ವಿದೇಶಿ ಹುಳುವಿಗೂ ಸಂಕರ ಮಾಡೋದು.

ನನ್ನ ಪ್ರಕಾರ ನಮ್ಮೂರಿನ ಹೆಂಗಸರ ನಿದ್ದೆ ಕೆಡೋಕೆ ಶುರುವಾದದ್ದು ಈ ಸಂಕರದಿಂದಲೇ. ಬೈಯ್ಯೋಕೆ ಹೇಳ್ತಿಲ್ಲ. ಸಂಕರ ತಳಿ ಬಂದದ್ದರಿಂದ ನಮ್ಮ ಕಡೆಯ ಮಕ್ಕಳು ಓದಿದರು, ಹೆಂಚಿನ ಮನೆಗಳು ತಾರಸಿ ಕಂಡವು. ರಾಮನಗರದ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡ ಗೂಡಿನ ಮಾರುಕಟ್ಟೆ ಅನ್ನಿಸಿಕೊಂಡಿತು. ಆದರೆ ಶೀತ ದೇಶದ ರಕ್ತ ಸೇರಿದಷ್ಟೂ ಹುಳು ನಾಜೂಕಾಯ್ತು. 1961ರಲ್ಲಿ ಮೈಸೂರಿನಲ್ಲಿ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಬಂತು. ಅಲ್ಲಿ ತಯಾರಾದ ದ್ವಿತಳಿಗಳನ್ನು ಮೈಸೂರು ತಳಿಯ ಜೊತೆ ಬೆರೆಸಿದ ಹಳದಿ ಗೂಡಿನ ಮಿಶ್ರತಳಿಯೇ ನಾನು ಚಿಕ್ಕವನಿದ್ದಾಗ ಎಲ್ಲರ ಮನೆಯಲ್ಲೂ ಇದ್ದದ್ದು. 1991ರಿಂದ ಜಪಾನಿನ ಸಹಕಾರದಲ್ಲಿ ದ್ವಿತಳಿ ಯೋಜನೆ ನಡೆದು, 1997ರ ಸುಮಾರಿಗೆ ಸಿಎಸ್‌ಆರ್ ತಳಿಗಳು ರೈತರ ಕೈಗೆ ಬಂದವು. ಬಿಳಿ ಗೂಡು, ಎಳೆ ಸಾವಿರ ಮೀಟರ್ ದಾಟುತ್ತೆ, ರೇಟೂ ಜಾಸ್ತಿ. ಜೊತೆಗೆ ಒಂದು ಷರತ್ತು. ಇಷ್ಟು ಬಿಸಿ, ಇಷ್ಟು ತೇವ, ಇಷ್ಟು ಚೊಕ್ಕಟ ಇಟ್ಟರೆ ಮಾತ್ರ.

ಆ ಷರತ್ತನ್ನು ಪೂರೈಸಿದ್ದು ಯಾರು? ಇಲಾಖೆಯವರು ಹೇಳಿಕೊಡ್ತಿದ್ರು. ಅಪ್ಪ ತೋಟ, ನೀರು, ಸೊಪ್ಪು, ಮಾರುಕಟ್ಟೆ ನೋಡ್ಕೊಳ್ತಿದ್ದ. ರಾತ್ರಿ ಹುಳುಮನೆ ಅವ್ವಂದು.

ಆಗ ಚಾಕಿ ಸಾಕೋದೂ ನಮ್ಮ ಮನೆಯಲ್ಲೇ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರೋ ಪದ್ಧತಿ ನಮ್ಮೂರಿಗೆ ಆಮೇಲೆ ಬಂತು. ಸಂಜೆ ಅವ್ವ ಇದ್ದಿಲನ್ನು ಹೊರಗೆ ಜಗಲಿಯಲ್ಲಿ ಹೊತ್ತಿಸಿ, ಹೊಗೆ ಪೂರ್ತಿ ಆರಿದ ಮೇಲೆ ಕೆಂಡವನ್ನು ಕಬ್ಬಿಣದ ಬಾಂಡ್ಲಿಗೆ ಹಾಕಿ ಒಳಗೆ ತರ್ತಿದ್ಲು. ಹೊಗೆ ಇದ್ದರೆ ಹುಳು ಮೇವು ಮುಟ್ಟಲ್ಲ. ಬಾಗಿಲಿಗೆ ಒದ್ದೆ ಗೋಣಿಚೀಲ. ತಟ್ಟೆ ಮೇಲೆ ಮೇಣದ ಕಾಗದ, ಅಂಚಿಗೆ ನೀರಲ್ಲಿ ಅದ್ದಿದ ಫೋಮ್ ಪಟ್ಟಿ. ರಾತ್ರಿ ಹನ್ನೊಂದಕ್ಕೆ ಒಂದು ಸಲ, ಎರಡಕ್ಕೆ ಒಂದು ಸಲ, ಕೋಳಿ ಕೂಗೋ ಹೊತ್ತಿಗೆ ಇನ್ನೊಂದು ಸಲ ಎದ್ದು ಕೆಂಡ ಕೆದಕಬೇಕು, ಹೊಸ ಇದ್ದಿಲು ಹಾಕಬೇಕು. ಗೋಡೆಯಲ್ಲಿ ಥರ್ಮಾಮೀಟರು ಇತ್ತು, ಒಂದು ದಿನ ಬಿದ್ದು ಒಡೀತು. ಆಮೇಲೆ ಅವಳು ಹೊಸದು ತರಿಸಲೇ ಇಲ್ಲ. ಮೊಣಕೈಯಿಂದ ಕೆಳಗಿನ ಭಾಗವನ್ನು ತಟ್ಟೆಯ ಮೇಲೆ ಹಿಡಿದು ನೋಡ್ತಿದ್ಲು.

ಬೆಳಿಗ್ಗೆ ಅವಳಿಗೆ ಯಾವಾಗಲೂ ತಲೆನೋವು. ನಾವು ನಿದ್ದೆಗೆಟ್ಟಿದ್ದಕ್ಕೆ ಅಂದ್ಕೊಂಡಿದ್ವಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಇಂಗಾಲದ ಮಾನಾಕ್ಸೈಡ್ ಬರುತ್ತೆ, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ, ತಲೆನೋವು ಅದರ ಮೊದಲ ಗುರುತು ಅಂತ ನಾನು ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿ ಅಂಕ ತಗೊಂಡಿದ್ದೆ. ಆದರೂ ಅವ್ವನ ತಲೆನೋವಿಗೂ ಅದಕ್ಕೂ ಸಂಬಂಧ ಹಚ್ಚೋಕೆ ನನಗೆ ಇನ್ನೂ ಹತ್ತು ವರ್ಷ ಬೇಕಾಯ್ತು. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ.

ನಾನು ಕೆಲಸಕ್ಕೆ ಸೇರಿದ ಮೇಲೆ ಮಾಡಿದ ಮೊದಲ ಕೆಲಸ, 2 ಕಿಲೋವ್ಯಾಟಿನ ಕರೆಂಟ್ ಹೀಟರ್ ತಂದದ್ದು. ಅದಕ್ಕೊಂದು ತಿರುಗುಗುಂಡಿ. ಒಳಗೆ ದ್ರವ ತುಂಬಿದ ಪುಟ್ಟ ತಾಮ್ರದ ಬುರುಡೆ, ಅದರಿಂದ ಕೂದಲಿನಷ್ಟು ಸಣ್ಣ ನಳಿಗೆ. ಬಿಸಿಯಾದರೆ ದ್ರವ ಹಿಗ್ಗಿ ಸ್ವಿಚ್ಚನ್ನು ತಳ್ಳಿ ಆಫ್ ಮಾಡುತ್ತೆ. ಡ್ರೆಬೆಲ್‌ನ ಪೆಟ್ಟಿಗೆಯ ಮೊಮ್ಮಗ ಅನ್ನಿ. ಗುಂಡಿಯ ಮೇಲೆ ಡಿಗ್ರಿ ಇರಲಿಲ್ಲ, ಒಂದರಿಂದ ಆರರವರೆಗೆ ಅಂಕಿ ಅಷ್ಟೆ. ಅವ್ವ ಎರಡು ಬೆಳೆ ನೋಡಿ, ಒಂದು ಕಡೆ ಕೆಂಪು ಸ್ಟಿಕರ್ ಬಿಂದಿ ಅಂಟಿಸಿದ್ಲು. ಮೂರಕ್ಕೂ ನಾಲ್ಕಕ್ಕೂ ನಡುವೆ. ‘ಮೂರನೇ ಜ್ವರಕ್ಕೆ ಇಲ್ಲಿಗೆ’ ಅಂತ.

ಈಗ ಬದಲಿಸೋಕೆ ಹೊರಟದ್ದು ಇದನ್ನು. ಅಮೆರಿಕದಲ್ಲಿರೋ ಗೆಳೆಯನೊಬ್ಬ ತನ್ನ ಮನೆಯ ಹಳೇ ಸ್ಮಾರ್ಟ್ ಥರ್ಮೋಸ್ಟ್ಯಾಟನ್ನು ರಜಕ್ಕೆ ಬಂದಾಗ ನನಗೆ ತಂದುಕೊಟ್ಟಿದ್ದ. ದುಂಡಗೆ, ಗಾಜಿನ ಮುಖ, ನೋಡೋಕೆ ಚೆಂದ. ಬಿಚ್ಚಿ ನೋಡಿದೆ, ನಮಗೆ ಬರೋದಿಲ್ಲ. ಅಲ್ಲಿಯ ಮನೆಗಳಲ್ಲಿ ನೆಲಮಾಳಿಗೆಯ ಫರ್ನೇಸಿಗೆ ಸಂದೇಶ ಕಳಿಸೋದು 24 ವೋಲ್ಟಿನ ಸಣ್ಣ ತಂತಿಗಳು. ನಮ್ಮ ಹೀಟರಿನ 230 ವೋಲ್ಟನ್ನು ಅದಕ್ಕೆ ನೇರ ಕೊಟ್ಟರೆ ಸುಟ್ಟು ಹೋಗುತ್ತೆ. ನಿಮ್ಮಲ್ಲಿ ಯಾರಾದರೂ ಅಲ್ಲಿಂದ ತರಿಸೋ ಯೋಚನೆಯಲ್ಲಿದ್ದರೆ ಇದು ನೆನಪಿರಲಿ.

ಆ ಡಬ್ಬಿಯಲ್ಲಿ ಗಮನಿಸಿದ ಇನ್ನೊಂದು ವಿಷಯ ಆಮೇಲೆ ತುಂಬಾ ಕಾಡಿತು. ಹಳೇ ಕಾಲದ ಥರ್ಮೋಸ್ಟ್ಯಾಟಿಗೆ ಎರಡೇ ತಂತಿ ಸಾಕು. ಅದು ಲೋಹ ಬಾಗೋದರ ಮೇಲೆ, ದ್ರವ ಹಿಗ್ಗೋದರ ಮೇಲೆ ನಡೆಯುತ್ತೆ, ಬಿಸಿ ಎಷ್ಟಿದೆ ಅಂತ ತಿಳಿಯೋಕೆ ಅದಕ್ಕೆ ಕರೆಂಟ್ ಬೇಡ. ಸ್ಮಾರ್ಟ್ ಡಬ್ಬಿಗೆ ತಾನು ಎಚ್ಚರವಾಗಿರೋಕೇ ಕರೆಂಟ್ ಬೇಕು. ಅದಕ್ಕೇ ಅಮೆರಿಕದ ಹಳೇ ಮನೆಗಳಲ್ಲಿ ಜನ ಅದನ್ನು ಕೂರಿಸೋಕೆ ಹೋಗಿ, ಸಿ ಅಂತ ಗುರುತಿರೋ ಮೂರನೇ ತಂತಿ ಇಲ್ಲವಲ್ಲ ಅಂತ ಒದ್ದಾಡೋದು.

ಎಸ್‌.ಪಿ. ರೋಡಿಗೆ ಹೋಗಿ 230 ವೋಲ್ಟಿಗೆ ಹೊಂದುವ ಡಿಜಿಟಲ್ ಕಂಟ್ರೋಲರ್ ತಂದೆ. ವೈಫೈ ಇದೆ, ಎರಡು ಮೀಟರ್ ವೈರಿನ ತುದಿಗೆ ಸೆನ್ಸರ್. ಒಳಗಿನ ರಿಲೇ 10 ಆಂಪಿಯರಿನದು. ಹೀಟರ್ ಎಳೆಯೋದು 2000 ಭಾಗಿಸು 230, ಅಂದ್ರೆ 8.7 ಆಂಪಿಯರ್. ಕಾಗದದ ಮೇಲೆ ಸರಿ. ಆದರೆ ರಾತ್ರಿಯೆಲ್ಲ ಆನ್ ಆಫ್ ಆಗ್ತಾ ಇದ್ದರೆ ರಿಲೇಯ ತುದಿಗಳು ಕಾದು ಅಂಟಿಕೊಂಡು ಬಿಡಬಹುದು. ಅಂಟಿಕೊಂಡರೆ ಹೀಟರ್ ಆಫ್ ಆಗೋದೇ ಇಲ್ಲ, ಹುಳು ಬೇಯುತ್ತೆ. ಅದಕ್ಕೇ ಊರಿನ ವೈರ್‌ಮನ್ ಅಣ್ಣನ್ನ ಕರೆದು, ರಿಲೇ ಬರೀ ಒಂದು ಕಾಂಟ್ಯಾಕ್ಟರನ್ನು ಎಳೆಯೋ ಹಾಗೆ, ಹೀಟರಿನ ಕರೆಂಟ್ ಕಾಂಟ್ಯಾಕ್ಟರ್ ಮೂಲಕ ಹೋಗೋ ಹಾಗೆ ಮಾಡಿಸಿದೆ. ಅರ್ಥಿಂಗ್ ಸರಿಯಾಗಿದೆಯಾ ಅಂತ ಅವರೇ ಮೊದಲು ನೋಡಿದರು. ಒದ್ದೆ ಗೋಣಿಚೀಲ ಇರೋ ಕೋಣೆ ಅದು.

ಸೆನ್ಸರನ್ನು ನಾನು ಬಾಗಿಲ ಮೇಲೆ, ಚೆನ್ನಾಗಿ ಕಾಣೋ ಜಾಗದಲ್ಲಿ ನೇತು ಹಾಕಿದೆ. ಅವ್ವ ಬಂದು ನೋಡಿ, ‘ಹುಳ ಮಲಗಿರದು ತಟ್ಟೇಲಿ ಕಣ್ ಮಗ, ಸೂರಲ್ಲಲ್ಲ’ ಅಂದ್ಲು. ಬಿಸಿ ಗಾಳಿ ಮೇಲಕ್ಕೇರುತ್ತೆ, ಸೂರಿನ ಹತ್ತಿರ 26 ಇದ್ದರೆ ತಟ್ಟೆಯ ಹತ್ತಿರ 23 ಇರಬಹುದು. ಸೆನ್ಸರ್ ನಡು ತಟ್ಟೆಯ ಮಟ್ಟಕ್ಕೆ ಇಳಿಯಿತು. ಆಮೇಲೆ ಕುತೂಹಲಕ್ಕೆ ಹಳೇ ಗುಂಡಿಯನ್ನು ಅವ್ವನ ಬಿಂದಿಗೆ ತಿರುಗಿಸಿ, ಹೊಸ ಸೆನ್ಸರಿನಲ್ಲಿ ಅಳೆದು ನೋಡಿದೆ. ಹೀಟರ್ ಆಫ್ ಆದದ್ದು 26.4ಕ್ಕೆ.

ಆ ರಾತ್ರಿ ಎಲ್ಲಾ ಚೆನ್ನಾಗಿ ನಡೀತು. ಮೊಬೈಲಿನಲ್ಲಿ ಗೆರೆ 26ರ ಮೇಲೆ ಕೆಳಗೆ ಅರ್ಧ ಡಿಗ್ರಿ ಆಡ್ತಾ ಇತ್ತು. ಬಿಸಿ 24ಕ್ಕೆ ಇಳಿದರೆ ನನ್ನ ಫೋನಿಗೆ ಸಂದೇಶ ಬರೋ ಹಾಗೆ ಮಾಡಿ ಬೆಂಗಳೂರಿಗೆ ಹೊರಟೆ. ‘ಇನ್ನು ನೀನು ಏಳೋದು ಬೇಡ, ನಾನು ಅಲ್ಲಿಂದಲೇ ನೋಡ್ಕೊಳ್ತೀನಿ’ ಅಂತ ಹೇಳಿದೆ.

ಮೂರನೇ ರಾತ್ರಿ ಸಂದೇಶ ಬರಲಿಲ್ಲ. ಬೆಳಿಗ್ಗೆ ಎದ್ದು ಖುಷಿಯಾಗಿ ಫೋನ್ ನೋಡಿದರೆ ಗೆರೆ ರಾತ್ರಿ 1.40ಕ್ಕೆ ನಿಂತಿತ್ತು. ಕರೆಂಟ್ ಹೋಗಿತ್ತು. ಕರೆಂಟ್ ಹೋದರೆ ಹೀಟರ್ ಇಲ್ಲ, ಕಂಟ್ರೋಲರ್ ಇಲ್ಲ, ವೈಫೈಯೂ ಇಲ್ಲ. ‘ಚಳಿಯಾಗ್ತಿದೆ’ ಅಂತ ಹೇಳೋರು ಯಾರೂ ಎಚ್ಚರವಾಗಿರಲಿಲ್ಲ. ಹುಳುಮನೆ ಸುಮ್ಮನಾಗಿದ್ದನ್ನು ನಾನು ಎಲ್ಲಾ ಸರಿಯಿದೆ ಅಂತ ತಿಳಿದುಕೊಂಡು ನಿದ್ದೆ ಮಾಡಿದ್ದೆ. ದಿನಾ ಸರ್ವರ್ ಕಾಯೋ ಕೆಲಸ ಮಾಡೋನು ನಾನು. ಸಂದೇಶ ಕಳಿಸೋ ಯಂತ್ರವೇ ಸತ್ತರೆ ಏನು ಅಂತ ಮೊದಲ ದಿನವೇ ಕೇಳಬೇಕಾಗಿತ್ತು.

ಗಾಬರಿಯಲ್ಲಿ ಫೋನ್ ಮಾಡಿದೆ. ಅವ್ವ ಸಮಾಧಾನವಾಗಿದ್ಲು. ‘ಎರಡಕ್ಕೆ ಎಚ್ಚರಾಯ್ತು, ಫ್ಯಾನಿನ ಸದ್ದು ಇರ್ಲಿಲ್ಲ. ಕೆಂಡ ಮಾಡಿ ಇಟ್ಟೆ. ಬಾಗ್ಲು ಒಸಿ ತೆಗ್ದೇ ಇಟ್ಟಿದ್ದೆ, ನೀನು ಹೇಳಿದ್ಯಲ್ಲ, ಅದ್ಕೆ’ ಅಂದ್ಲು. ಇಪ್ಪತ್ತು ವರ್ಷದ ಅಭ್ಯಾಸ ಅವಳನ್ನು ಸರಿಯಾಗಿ ಎರಡು ಗಂಟೆಗೆ ಎಬ್ಬಿಸಿತ್ತು. ಬೆಳೆ ಉಳೀತು. ನಾನು ಅವಳಿಗೆ ಕೊಡ್ತೀನಿ ಅಂದಿದ್ದ ನಿದ್ದೆ ಮಾತ್ರ ಕೊಟ್ಟಿರಲಿಲ್ಲ.

ಆ ವಾರ ಥರ್ಮೋಸ್ಟ್ಯಾಟಿನ ಚರಿತ್ರೆಯನ್ನು ಮತ್ತೆ ಓದ್ತಾ ಕೂತೆ. 1830ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ ಎರಡು ಲೋಹದ ಪಟ್ಟಿ ಬಾಗುವ ಸಾಧನಕ್ಕೆ ಪೇಟೆಂಟ್ ಪಡೆದು ಥರ್ಮೋಸ್ಟ್ಯಾಟ್ ಅನ್ನೋ ಹೆಸರಿಟ್ಟ. ಅವನ ತಲೆಯಲ್ಲಿದ್ದದ್ದು ಬಟ್ಟೆ ಗಿರಣಿಗಳು. ಮನೆ, ಶಾಲೆಗಳಿಗೆ ಅದನ್ನು ತಂದದ್ದು ಅಮೆರಿಕದ ವಿಸ್ಕಾನ್ಸಿನ್‌ನ ಮೇಷ್ಟ್ರು ವಾರನ್ ಜಾನ್ಸನ್. ಅವರ ಶಾಲೆಯಲ್ಲಿ ಕೋಣೆಯ ಬಿಸಿ ನೋಡೋಕೆ ಕೆಲಸದವನು ಪಾಠದ ಮಧ್ಯೆ ಪದೇ ಪದೇ ಒಳಗೆ ಬರ್ತಿದ್ದ. ಬೇಸತ್ತು ಜಾನ್ಸನ್ ಒಂದು ವಿದ್ಯುತ್ ಸಾಧನ ಮಾಡಿ 1883ರಲ್ಲಿ ಪೇಟೆಂಟ್ ತಗೊಂಡರು. ಆದರೆ ಆ ಸಾಧನ ಬೆಂಕಿಯನ್ನು ತಾನೇ ಹೆಚ್ಚು ಕಡಿಮೆ ಮಾಡ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಕೂತ ಬೆಂಕಿಯವನಿಗೆ ಗಂಟೆ ಬಾರಿಸ್ತಿತ್ತು. ಎದ್ದು ಕಿಂಡಿ ತಿರುಗಿಸೋನು ಅವನೇ.

ಇದನ್ನು ಓದಿದಾಗ ನನಗೆ ನನ್ನ ತಪ್ಪು ಸರಿಯಾಗಿ ಕಾಣಿಸಿತು. 1953ರ ಅಮೆರಿಕದ ದುಂಡನೆಯ ಹನಿವೆಲ್ ಆಗಲಿ, 2011ರ ನೆಸ್ಟ್ ಆಗಲಿ, ಆ ಕೆಲಸದವನನ್ನು ಪೂರ್ತಿ ಮರೆಸಿದ್ದು ಅಲ್ಲಿ ಕರೆಂಟ್, ಗ್ಯಾಸ್ ಎರಡೂ ಹೆಚ್ಚುಕಡಿಮೆ ನಿಲ್ಲದೆ ಬರ್ತಿದ್ದದ್ದರಿಂದ. ನಮ್ಮೂರಲ್ಲಿ ಆ ಭರವಸೆಯನ್ನು ನಾನು ಡಬ್ಬಿಯ ಜೊತೆ ಕೊಂಡು ತಂದಿರಲಿಲ್ಲ. ಆ ಭರವಸೆ ಇಲ್ಲದ ಕಡೆ ಡಬ್ಬಿ ಕೂರಿಸಿ ‘ಮಲಗು’ ಅಂದರೆ, ಕಾಯೋ ಕೆಲಸ ಹೋಗಲ್ಲ, ಕಾಯೋರು ಇದ್ದಾರೆ ಅನ್ನೋದು ನಮ್ಮ ಕಣ್ಣಿಗೆ ಕಾಣದ ಹಾಗೆ ಆಗುತ್ತೆ.

ಮುಂದಿನ ವಾರ ಹೋಗಿ ಮೂರು ಕೆಲಸ ಮಾಡಿದೆ. ಮೊದಲನೆಯದು, ಬ್ಯಾಟರಿಯಲ್ಲಿ ನಡೆಯೋ ಒಂದು ಬಜರ್. ಕರೆಂಟ್ ಹೋದರೂ, ತಟ್ಟೆಯ ಹತ್ತಿರ 24ಕ್ಕಿಂತ ಕೆಳಗಿಳಿದರೂ ಮನೆಯೊಳಗೆ ಕೂಗುತ್ತೆ. ಜಾನ್ಸನ್ ಮೇಷ್ಟ್ರ ಗಂಟೆಯೇ. ಎರಡನೆಯದು, ನನ್ನ ಫೋನಿಗೆ ಹತ್ತು ನಿಮಿಷ ಸುದ್ದಿ ಬರದಿದ್ದರೆ ಅದನ್ನೇ ಕೆಟ್ಟ ಸುದ್ದಿ ಅಂತ ತಿಳಿದು ಕೂಗೋ ಹಾಗೆ ಮಾಡಿದೆ. ಮೂರನೆಯದು, ಹಳೇ ತಿರುಗುಗುಂಡಿಯನ್ನು ಕಿತ್ತು ಬಿಸಾಡದೆ ಅದೇ ಸಾಲಿನಲ್ಲಿ ವಾಪಸ್ ಸೇರಿಸಿದೆ. ಬಿಂದಿಗಿಂತ ಸ್ವಲ್ಪ ಮೇಲೆ, 29ರ ಹತ್ತಿರ ನಿಲ್ಲಿಸಿದ್ದೀನಿ. ಹೊಸ ಡಬ್ಬಿ ಹುಚ್ಚಾಗಿ ಹೀಟರನ್ನು ಆನ್ ಮಾಡಿಯೇ ಇಟ್ಟರೂ, ಯಾವ ಸಾಫ್ಟ್‌ವೇರೂ ಇಲ್ಲದ ಆ ತಾಮ್ರದ ಬುರುಡೆ ಹಿಗ್ಗಿ ಆಫ್ ಮಾಡುತ್ತೆ.

ರಾತ್ರಿ ಬಜರ್ ಕೂಗಿದರೆ ಯಾರು ಏಳಬೇಕು ಅನ್ನೋದೂ ಮನೆಯಲ್ಲಿ ಮಾತಾಯ್ತು. ಬಜರನ್ನು ಅವ್ವನ ಕೋಣೆಯಲ್ಲಿ ಇಡಲಿಲ್ಲ. ಅಪ್ಪ ಮಲಗೋ ನಡುಮನೆಯಲ್ಲಿ, ಅಪ್ಪನ ಮಂಚದ ತಲೆಕಡೆ ಗೋಡೆಗೆ ಹೊಡೆದಿದ್ದೀವಿ. ‘ನಂಗೆ ಕೆಂಡ ಮಾಡಕ್ಕೆ ಬರಕಿಲ್ವಲ್ಲೋ’ ಅಂದ ಅಪ್ಪ. ‘ಕಲೀರಿ, ನಾನೇನು ಹುಟ್ತಾ ಕಲ್ತಿದ್ನಾ’ ಅಂದ್ಲು ಅವ್ವ.

ಈ ಚಳಿಗಾಲದಲ್ಲಿ ಬಜರ್ ನಾಲ್ಕು ಸಲ ಕೂಗಿದೆ. ನಾಲ್ಕು ಸಲವೂ ಅಪ್ಪನೇ ಎದ್ದಿದ್ದಾನೆ. ಅವ್ವ ಈಗಲೂ ಎರಡು ಗಂಟೆಗೆ ಕಣ್ಣು ಬಿಡ್ತಾಳಂತೆ. ಫ್ಯಾನಿನ ಸದ್ದು ಕೇಳಿಸಿದರೆ ಮಗ್ಗುಲು ಬದಲಿಸಿ ಮತ್ತೆ ಮಲಗ್ತೀನಿ ಅಂತಾಳೆ.